ಅರ್ಧ ಸುತ್ತು ಸಡಿಲ

ಬಸ್ ಡಿಪೋದ ಬ್ರೇಕ್ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳನ್ನು ಎಲ್ಲರೂ ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. ಬಾಯಿ ಜೋರು, ಕೈ ಇನ್ನೂ ಜೋರು. ಅವಳು ನೋಡಿ ಕಳಿಸಿದ ಬಸ್ಸು ನಿಲ್ಲು ಅಂದಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಡಿಪೋದಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಅಂಥವಳು ಮನೆಯಲ್ಲಿ ಮಾಡುತ್ತಿದ್ದದ್ದು ಕಳ್ಳತನ. ಬೇರೆ ಹೆಸರಿಟ್ಟು ಚೆಂದಗಾಣಿಸುವುದು ಬೇಡ, ಕಳ್ಳತನವೇ. ಸಂಜೆ ಅಪ್ಪ ಅಮ್ಮ ಪಾರ್ಕಿನ ಕಡೆ ಹೊರಟರೆಂದರೆ ಇವಳು ಹಿತ್ತಲಿನ ಶೆಡ್ಡಿಗೆ ನುಗ್ಗಿ, ಅಪ್ಪ ಆ ದಿನ ಬಿಗಿ ಮಾಡಿದ್ದ ಒಂದೊಂದು ನಟ್ಟಿಗೂ ಸ್ಪ್ಯಾನರ್ ಹಾಕಿ ನೋಡುತ್ತಿದ್ದಳು. ಸಡಿಲವಿದ್ದರೆ ಬಿಗಿ ಮಾಡಿ, ಅಪ್ಪನ ಗುರುತನ್ನು ಅಪ್ಪನ ಹಾಗೆಯೇ ಹಾಕಿ, ಏನೂ ಅರಿಯದವಳ ಹಾಗೆ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದಳು.

ಅಪ್ಪನ ಗುರುತೆಂದರೆ ಒಂದು ಹಳದಿ ಗೆರೆ. ಪಂಪ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕಾಲದಿಂದಲೂ ಅವರದು ಅದೇ ಪದ್ಧತಿ. ನಟ್ಟನ್ನು ತಿರುಗಿಸಿ ಮುಗಿದ ಮೇಲೆ ಬೆಂಕಿಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೆರೆ ಎಳೆಯುವರು. ನಟ್ಟು ಕೂದಲೆಳೆ ಅಲುಗಿದರೂ ಗೆರೆ ಮುರಿದು ಕಾಣುತ್ತದೆ. ಗೆರೆ ನೆಟ್ಟಗಿದ್ದರೆ ಅಲ್ಲಿ ಮತ್ತೆ ಕೈ ಹಾಕುವ ಅಗತ್ಯವಿಲ್ಲ.

ಶೆಡ್ಡಿನಲ್ಲಿದ್ದದ್ದು ಒಂದು ಹಳೆಯ ಗೋ-ಕಾರ್ಟು, ನೆಲಕ್ಕೆ ತಾಗಿದ ಹಾಗೆ ಓಡುವ, ಒಬ್ಬರೇ ಕೂರುವ ಪುಟ್ಟ ರೇಸ್ ಗಾಡಿ. ಮಕ್ಕಳಾಟದ ಗಾಡಿಯಲ್ಲವೇ ಅಂತ ಅಪ್ಪನ ಎದುರು ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಹರೆಯದಲ್ಲಿ ಅಪ್ಪ ಅದನ್ನು ಪೈಪು ಬಗ್ಗಿಸಿ ಸ್ವಂತ ಕೈಯಿಂದ ಕಟ್ಟಿ, ರಜೆಯ ದಿನ ಊರಾಚೆಯ ಟ್ರ್ಯಾಕಿನಲ್ಲಿ ಓಡಿಸಿ ಗೆದ್ದವರು. "ಮದುವೆ ದಿನಾನೂ ನಿಮ್ಮಪ್ಪನ ಉಗುರಲ್ಲಿ ಗ್ರೀಸಿತ್ತು ಕಣೇ" ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ. ಮಗಳು ಹುಟ್ಟಿದ ಮೇಲೆ ಅದನ್ನು ಹಗ್ಗ ಕಟ್ಟಿ ಶೆಡ್ಡಿನ ತೊಲೆಗೆ ನೇತು ಹಾಕಿದರು. ಅದು ಅಲ್ಲೇ ನೇತಾಡುತ್ತ ತುಕ್ಕು ಹಿಡಿಯಿತು.

ಅಪ್ಪ ಅದನ್ನು ಕೆಳಗಿಳಿಸಿದ್ದು ಡಾಕ್ಟರ ಬಳಿ ಹೋಗಿ ಬಂದ ಮರುದಿನ. ಮರೆವಿನ ಕಾಯಿಲೆ, ನಿಧಾನವಾಗಿ ಬರುತ್ತದೆ, ಕೈಗೆ ಕೆಲಸವಿರಲಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಬೆಳಿಗ್ಗೆ ಎದ್ದವರೇ ಏಣಿ ಹಾಕಿದರು. ಕಾರ್ಟು ನೆಲ ಮುಟ್ಟಿದಾಗ ತಾಯಿ ಮಗಳಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು:

"ನೋಡಿ, ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಹೋದ ದಿನ ಈ ಶೆಡ್ಡಿನ ಬೀಗದ ಕೈ ನಾನೇ ತಂದು ಕೊಡ್ತೀನಿ. ಅಲ್ಲೀವರೆಗೆ ಯಾರೂ ಕೇಳ್ಬೇಡಿ."

ಯಾರೂ ಕೇಳಲಿಲ್ಲ. ಅಪ್ಪ ಹೊಸ ಜೀವ ಬಂದವರಂತೆ ಓಡಾಡಿದರು. ತುಕ್ಕು ಉಜ್ಜಿ ತೆಗೆದರು. ಪೈಪಿನ ಬೆಸುಗೆಗಳಿಗೆ ಸೀಮೆಎಣ್ಣೆ ಒರೆಸಿ, ಮೇಲೆ ಸುಣ್ಣದ ಪುಡಿ ಬಳಿದು, ಬಿರುಕಿದ್ದಲ್ಲಿ ಎಣ್ಣೆ ಜಿನುಗಿ ಒದ್ದೆ ಗೆರೆ ಮೂಡುವುದನ್ನು ಮಗಳಿಗೆ ತೋರಿಸಿದರು. ಸವೆದ ಆಕ್ಸಲ್ಲು ಹೋಗಿ ಹೊಸದು ಬಂತು, ಬೇರಿಂಗುಗಳು ಬಂದವು. ಹಿಂದಿನ ಕಾಲದ ಪಟ್ಟಿ ಬ್ರೇಕನ್ನು ಕಿತ್ತು ಡಿಸ್ಕ್ ಬ್ರೇಕ್ ಕೂರಿಸಿದ್ದು ಮಾತ್ರ ಮಗಳ ಹಟ. ಅಪ್ಪನೂ ಬೇಗ ಒಪ್ಪಿದರು. "ಓಡೋದು ಹಳೇ ಥರಾನೇ ಓಡ್ಲಿ. ನಿಲ್ಲೋದು ಮಾತ್ರ ಹೊಸ ಥರ ನಿಲ್ಲಲಿ" ಎಂದು ನಕ್ಕರು.

ಆ ಬ್ರೇಕಿನಿಂದಲೇ ಎಲ್ಲ ಶುರುವಾಯಿತು. ಪೆಡಲಿನಿಂದ ಹಿಂದಕ್ಕೆ ಹೋಗುವ ರಾಡನ್ನು ಹಿಡಿದಿಡಲು ಒಂದು ಸಣ್ಣ ಪಿನ್ನು ಇರುತ್ತದೆ. ಬೆರಳುಗುರಿನಷ್ಟು. ಅದಿಲ್ಲದಿದ್ದರೆ ರಾಡು ಎರಡು ಸಲ ನೆಟ್ಟಗೆ ಕೆಲಸ ಮಾಡಿ, ಮೂರನೆಯ ಸಲ ಕಳಚಿಕೊಂಡು ಬೀಳುತ್ತದೆ. ಒಂದು ಸಂಜೆ ಅವಳು ಸುಮ್ಮನೆ ಕೈಯಾಡಿಸಿ ನೋಡಿದರೆ ಹಳದಿ ಗೆರೆ ಇದೆ, ಪಿನ್ನೇ ಇಲ್ಲ. ಪಿನ್ನು ಬೆಂಚಿನ ಮೇಲೆ ಬಟ್ಟಲಲ್ಲಿ ತಣ್ಣಗೆ ಕೂತಿದೆ. ಅಪ್ಪ ಕೆಲಸ ಮುಗಿಸುವುದಕ್ಕೆ ಮೊದಲೇ ಗುರುತು ಹಾಕಿಬಿಟ್ಟಿದ್ದರು.

ಆಗಲೇ ಹೇಳಬಹುದಿತ್ತು. "ಅಪ್ಪ, ಪಿನ್ನು ಮರೆತಿದ್ದೀರಿ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಡಿಪೋದಲ್ಲಿ ದಿನಕ್ಕೆ ನಾಲ್ಕು ಜನರ ಮುಖಕ್ಕೆ ಹೊಡೆದ ಹಾಗೆ ಹೇಳುವ ಹೆಣ್ಣಿಗೆ ಇದು ಕಷ್ಟವೇ? ಕಷ್ಟವಾಯಿತು. ಹೇಳಿದರೆ ಅಪ್ಪ ಬೀಗದ ಕೈ ತಂದು ಕೊಡುತ್ತಾರೆ, ಕೊಟ್ಟ ಮೇಲೆ ಕುರ್ಚಿಯಲ್ಲಿ ಕೂರುತ್ತಾರೆ, ಕೂತವರು ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಅನಿಸಿತು. ಪಿನ್ನು ಸಿಕ್ಕಿಸಿ ಬಾಯಿ ಮುಚ್ಚಿಕೊಂಡಳು. ಅಲ್ಲಿಂದ ದಿನಾ ಸಂಜೆ ಇದೇ ಕೆಲಸವಾಯಿತು. ಎಷ್ಟೋ ದಿನ ಎಲ್ಲವೂ ಸರಿಯಿರುತ್ತಿತ್ತು. ಒಂದು ದಿನ ಮಾತ್ರ ಸ್ಟೀರಿಂಗಿನ ನಟ್ಟು ಬೆರಳಲ್ಲೇ ತಿರುಗಿತು.

ಆಮೇಲೆ ಒಂದು ಸಂಜೆ ಸೀಟಿನ ಹಿಂದೆ ಕಣ್ಣು ಹೋಯಿತು. ಸೀಟಿನ ಬೆನ್ನಿನಿಂದ ಹಿಂದಿನ ಚೌಕಟ್ಟಿಗೆ ಎರಡು ಕಬ್ಬಿಣದ ಸಲಾಕೆ ಇಳಿದಿದ್ದವು. ಎರಡರ ಬುಡದಲ್ಲೂ ಒಂದು ನಟ್ಟಿನ ಮೇಲೆ ಇನ್ನೊಂದು ನಟ್ಟು. ಆದರೂ ಸಲಾಕೆ ಲೊಡಲೊಡ ಅಲ್ಲಾಡುತ್ತಿತ್ತು. 'ಅಯ್ಯೋ, ಒಂದು ಹಾಕಿದ್ದು ಮರೆತು ಇನ್ನೊಂದು ಹಾಕಿದ್ದಾರಲ್ಲಪ್ಪ' ಎಂದುಕೊಂಡಳು. ಕಣ್ಣೊರೆಸಿಕೊಂಡು ಕೆಳಗಿನದನ್ನು ಬಿಗಿದಳು, ಅದರ ಮೇಲೆ ಮೇಲಿನದನ್ನೂ ಬಿಗಿದಳು, ಹಳೇ ಗೆರೆ ಅಳಿಸಿ ಹೊಸ ಗೆರೆ ಎಳೆದಳು. ಬಸ್ಸಿನಲ್ಲಿ ಅಲ್ಲಾಡುವ ಸಲಾಕೆಯೆಂದರೆ ಒಂದೇ ಅರ್ಥ. ಅವಳಿಗೆ ಗೊತ್ತಿದ್ದದ್ದೂ ಅಷ್ಟೇ.

ಟ್ರ್ಯಾಕಿಗೆ ಒಯ್ದದ್ದು ಬಿಸಿಲು ಹತ್ತುವ ಮೊದಲು. ಅಪ್ಪನ ಮಂಡಿ ಮಡಿಸುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಓಡಿಸುವವಳು ಅವಳೇ. ಅಮ್ಮ ಛತ್ರಿ ಬಿಚ್ಚಿಕೊಂಡು ಟೈರಿನ ಗುಡ್ಡೆಯ ಮೇಲೆ ಕೂತಳು. ಎಂಜಿನ್ನು ಮೊದಲನೇ ಸಲ ತಳ್ಳಿದ್ದಕ್ಕೇ ಕೆಮ್ಮಿ ಹೊತ್ತಿಕೊಂಡಾಗ ಅಪ್ಪ ಎರಡೂ ಕೈ ಎತ್ತಿ ಕೂಗಿದರು. ನೆಟ್ಟನೆಯ ದಾರಿಯಲ್ಲಿ ಕಾರ್ಟು ಬಾಣದ ಹಾಗೆ ಹೋಯಿತು. ಮೊದಲನೇ ತಿರುವಿಗೆ ಬಂದದ್ದೇ ತಡ, ಹಿಂದಿನ ಚಕ್ರಗಳು ಕಪ್ಪೆಯಂತೆ ಕುಪ್ಪಳಿಸಿದವು. ಬೆನ್ನುಮೂಳೆ ಲಟಲಟ ಅಂದಿತು. ಎರಡನೇ ತಿರುವಿನಲ್ಲೂ ಅದೇ ಕಥೆ. ನಿಧಾನ ಮಾಡಿದರೂ ಕುಪ್ಪಳಿಕೆ ಹೋಗಲಿಲ್ಲ, ಕಾರ್ಟು ಹೊರಕ್ಕೆ ಜಾರಿ ಹುಲ್ಲಿನಲ್ಲಿ ನಿಂತಿತು.

ಅಪ್ಪ ಕುಂಟುತ್ತ ಓಡಿ ಬಂದರು. "ಏನೂ ಆಗಿಲ್ಲ ತಾನೇ?" ಎಂದು ಅವಳ ಭುಜ ಮುಟ್ಟಿ ನೋಡಿದರು. ಆಮೇಲೆ ಕಷ್ಟಪಟ್ಟು ಹುಲ್ಲಿನ ಮೇಲೆ ಕೂತು ಸೀಟಿನ ಹಿಂದಕ್ಕೆ ಕೈ ಹಾಕಿ ಸಲಾಕೆ ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ಇನ್ನೊಂದನ್ನು ಅಲ್ಲಾಡಿಸಿದರು. ಅದೂ ಇಲ್ಲ.

"ಇದನ್ನ ಬಿಟ್ಟಿದ್ದೆನಲ್ಲ" ಎಂದರು ತಮ್ಮಷ್ಟಕ್ಕೇ.

"ಏನನ್ನ ಅಪ್ಪ?"

"ಕಾರ್ಟಿಗೆ ಸ್ಪ್ರಿಂಗಿಲ್ಲ ಕಣಮ್ಮ, ಚೌಕಟ್ಟೇ ಸ್ಪ್ರಿಂಗು. ಅದು ಬಾಗ್ಬೇಕು. ತಿರುವಲ್ಲಿ ಒಳಗಿನ ಹಿಂಚಕ್ರ ಒಂಚೂರು ನೆಲ ಬಿಟ್ಟೇಳ್ಬೇಕು. ಅದಕ್ಕೆ ಈ ಸಲಾಕೇನ ಅರ್ಧ ಸುತ್ತು ಸಡಿಲ ಬಿಟ್ಟು, ಉದುರಿ ಹೋಗದ ಹಾಗೆ ಮೇಲೊಂದು ನಟ್ಟು ಕೂರಿಸ್ತೀನಿ. ಯಾವಾಗ್ಲೂ ಹಾಗೇ. ಈ ಸಲಾನೂ ಬಿಟ್ಟಿದ್ದೆ. ಬಿಟ್ಟಿದ್ದು ನೆನಪಿದೆ ನನಗೆ." ಅವರು ಬಗ್ಗಿ ನೋಡಿದರು. ಬೆರಳಿಂದ ಹಳದಿ ಗೆರೆಯನ್ನು ಸವರಿದರು. "ಆದ್ರೆ ಗೆರೆ ಇದೆಯಲ್ಲ. ನಂದೇ ಗೆರೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. 'ನಾನು ಬಿಗಿದದ್ದು' ಅನ್ನಲು ಎರಡೇ ಶಬ್ದ ಸಾಕಿತ್ತು. ಅವಳು ಹೆಲ್ಮೆಟ್ಟಿನ ಗಾಜು ಕೂಡ ಮೇಲೆತ್ತಲಿಲ್ಲ. ಹೇಡಿ ಅನ್ನಿ, ಏನು ಬೇಕಾದರೂ ಅನ್ನಿ, ಅವಳೂ ತನ್ನನ್ನು ಹಾಗೇ ಅಂದುಕೊಂಡಳು.

"ಮಾಡಿದ್ದು ನೆನಪಿರಲ್ಲ ಅಂತ ಡಾಕ್ಟ್ರು ಹೇಳಿದ್ರು" ಎಂದರು ಅಪ್ಪ, ಹುಲ್ಲಿನ ಮೇಲೇ ಕೂತು. "ಮಾಡದೇ ಇದ್ದಿದ್ದೂ ನೆನಪಿರುತ್ತೆ ಅಂತ ಹೇಳ್ಲಿಲ್ಲ."

ಆ ಸಂಜೆ ಅಪ್ಪ ಒಬ್ಬರೇ ಶೆಡ್ಡಿನಲ್ಲಿ ಕೂತು ಕಾರ್ಟಿನ ಮುಂಭಾಗವನ್ನು ಬಿಚ್ಚಿದರು, ಕೂಡಿಸಿದರು, ಮತ್ತೆ ಬಿಚ್ಚಿದರು. ಅವಳಿಗೆ ಆ ಕಡೆ ಹೋಗುವ ಧೈರ್ಯವಾಗಲಿಲ್ಲ. ಊಟದ ಹೊತ್ತಿಗೆ ಅಪ್ಪ ಒಳಗೆ ಬಂದು, ಅಮ್ಮ ತಟ್ಟೆ ಇಡುವ ಮೊದಲೇ ಮೇಜಿನ ಮೇಲೆ ಬೀಗದ ಕೈ ಇಟ್ಟರು. "ಹೇಳಿದ್ದೆನಲ್ಲ" ಎಂದಷ್ಟೇ ಅಂದು ಕೈ ತೊಳೆಯಲು ಹೋದರು.

ಬೀಗದ ಕೈ ಹೋದದ್ದರ ಜೊತೆಗೆ ಉಳಿದದ್ದೂ ಹೋಯಿತು. ನಲ್ಲಿ ನಿಲ್ಲಿಸಿ ಬಂದವರು ಮತ್ತೆ ಎದ್ದು ಹೋಗಿ ನೋಡುವರು. ನೋಡಿ ಬಂದವರು, ನೋಡಿದೆನಾ ಎಂದು ಅಮ್ಮನನ್ನು ಕೇಳುವರು. ಅಂಗಿಯ ಗುಂಡಿ ಸರಿ ಹಾಕಿದ್ದೇನೆಯೇ ಎಂದು ಕನ್ನಡಿ ಬಿಟ್ಟು ಮಗಳ ಎದುರು ಬಂದು ನಿಲ್ಲುವರು. ಪಕ್ಕದ ಮನೆಯವರ ಹೆಸರು ಸರಿಯಾಗಿ ನೆನಪಿದ್ದರೂ ಅನುಮಾನ, ಬಾಯಿಗೆ ಬಂದ ಹೆಸರನ್ನು ನುಂಗಿಕೊಳ್ಳುವರು. ಕಾಯಿಲೆ ಒಂದು ಹೆಜ್ಜೆ ಇಟ್ಟಿದ್ದರೆ ಅಪ್ಪ ತಾವೇ ಹತ್ತು ಹೆಜ್ಜೆ ಹಿಂದೆ ಸರಿದು ಮೂಲೆಗೆ ಕೂತಿದ್ದರು.

ಅಡುಗೆಮನೆಯಲ್ಲಿ ಅಮ್ಮ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. "ಇಷ್ಟು ವರ್ಷ ನನ್ನ ಒಂದು ಮಾತು ಕಿವಿಗೆ ಹಾಕ್ಕೊಳ್ದಿದ್ದೋರು ಈಗ ಉಪ್ಪು ಸರಿ ಇದೆಯಾ ಅಂತ ನನ್ನನ್ನೇ ಕೇಳ್ತಾರೆ ಕಣೇ. ಅವರ ನಾಲಿಗೆ, ಅವರ ತಟ್ಟೆ! ಬೆಳಗ್ಗೆ ಎದ್ದರೆ ಜಗಳ ಆಡ್ತಿದ್ರಲ್ಲ, ಆ ಗಂಡ ಎಲ್ಲಿ ಹೋದ? ಇವರು ನನಗೆ ಬೇಡ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಸಿಂಕಿನ ಪಕ್ಕ ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಪಿನ್ನು, ಸ್ಟೀರಿಂಗು, ದಿನಾ ಸಂಜೆಯ ಕಳ್ಳತನ, ಸಲಾಕೆ. ಹೇಳುತ್ತ ಹೇಳುತ್ತ ಅತ್ತಳು. ಅಮ್ಮ ಕೈಯೊರೆಸಿಕೊಂಡು, ಮಗಳನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ಡಬ್ಬಿಯ ಹಿಂದಿನಿಂದ ಬೀಗದ ಕೈ ತೆಗೆದುಕೊಟ್ಟಳು.

"ನನ್ನ ಮುಂದೆ ಅತ್ರೆ ಏನು ಬಂತು? ಹೋಗು. ಅಲ್ಲಿ ಹೋಗಿ ಅಳು."

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಪೇಪರು ಮಡಿಲಲ್ಲಿತ್ತು, ಓದುತ್ತಿರಲಿಲ್ಲ. ಅವಳು ಎದುರಿಗೆ ನೆಲದ ಮೇಲೆ ಕೂತಳು.

"ಅಪ್ಪ, ಆ ಸಲಾಕೇನ ನೀವು ಬಿಟ್ಟಿದ್ದು ನಿಜ. ನಾನು ಬಿಗಿ ಮಾಡ್ದೆ."

ಅಪ್ಪನಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. ಮರೆತು ಎರಡು ನಟ್ಟು ಹಾಕಿದ್ದಾರೆ ಅಂದುಕೊಂಡೆ, ನನಗೆ ಕಾರ್ಟಿನ ಗಂಧವೇ ಗೊತ್ತಿಲ್ಲ, ಗೆರೆ ಕೂಡ ನಾನೇ ಎಳೆದದ್ದು ಎಂದಳು.

"ಎರಡೂ ಕಡೆ?"

"ಎರಡೂ ಕಡೆ."

ಅಪ್ಪ ಎದ್ದು ನಿಂತ ರಭಸಕ್ಕೆ ಕುರ್ಚಿ ಗೋಡೆಗೆ ಬಡಿಯಿತು. "ನೋಡೇ! ನಾನು ಬಿಟ್ಟಿದ್ದೆ!" ಎಂದು ಅಡುಗೆಮನೆಯ ಕಡೆ ಕೂಗಿದರು. "ನನಗೆ ನೆನಪಿತ್ತು! ಸರಿಯಾಗೇ ನೆನಪಿತ್ತು!" ಆಮೇಲೆ ಮಗಳ ಕಡೆ ತಿರುಗಿ, "ಕತ್ತೆ! ಬಸ್ಸು ಅಂದ್ಕೊಂಡ್ಯಾ ಅದನ್ನ?" ಎಂದು ತಲೆಯ ಮೇಲೊಂದು ಮೊಟಕಿದರು. ಎಷ್ಟೋ ದಿನಗಳ ಮೇಲೆ ಅಪ್ಪನ ಕೈಯ ಮೊಟಕು. ಅವಳು ಅಳುತ್ತಲೇ ನಕ್ಕಳು. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅಪ್ಪ ಫಿಟ್ಟರು, ಒಂದನ್ನು ಹಿಡಿದರೆ ಅದರ ಬುಡದವರೆಗೂ ಹೋಗುವವರು.

"ಹಂಗಾದ್ರೆ ಉಳಿದಿದ್ದೆಲ್ಲ ಸರಿ ಇತ್ತಲ್ಲ? ನೀನು ಸುಮ್ಸುಮ್ನೆ ಹೆದರಿ ಮುಟ್ಟಿದ್ದು. ಅಲ್ವಾ?"

ಅವರ ಮುಖದಲ್ಲಿ ಅಂಥ ಆಸೆ ಇತ್ತು. 'ಹೌದಪ್ಪ' ಅಂದರೆ ಮುಗಿಯಿತು, ನಾಳೆಯಿಂದ ಅಪ್ಪ ಮತ್ತೆ ಅಪ್ಪ. ನಾಡಿದ್ದು ಯಾವುದೋ ತಿರುವಿನಲ್ಲಿ ಪಿನ್ನಿಲ್ಲದ ಬ್ರೇಕಿನ ಮೇಲೆ ಕಾಲಿಟ್ಟು ಒತ್ತುವವರು ಯಾರು? ಅವಳು ಒತ್ತಬಹುದು, ಇನ್ಯಾರೋ ಒತ್ತಬಹುದು, ಹಟ ಮಾಡಿ ಕೂತ ಅಪ್ಪನೇ ಒತ್ತಬಹುದು. ಸುಳ್ಳು ಗಂಟಲಿನವರೆಗೆ ಬಂತು. ಅವಳು ಅಪ್ಪನ ಪಾದಗಳನ್ನೇ ನೋಡಿದಳು.

"ಇಲ್ಲಪ್ಪ. ಬ್ರೇಕ್ ರಾಡಿಗೆ ಪಿನ್ನಿರಲಿಲ್ಲ. ಗೆರೆ ಇತ್ತು, ಪಿನ್ನಿರಲಿಲ್ಲ. ಇನ್ನೊಂದಿನ ಸ್ಟೀರಿಂಗ್ ನಟ್ಟು ಕೈಯಲ್ಲೇ ಬಂತು."

ಅಪ್ಪ ನಿಧಾನವಾಗಿ ಕುರ್ಚಿಯನ್ನು ಸರಿಮಾಡಿಕೊಂಡು ಕೂತರು.

"ಡಿಪೋದಲ್ಲೂ ಹಿಂಗೇ ಮಾಡ್ತೀಯಾ?" ಎಂದರು ಆಮೇಲೆ. "ಕೆಲಸ ಮಾಡಿದೋನು ಅತ್ಲಾಗೆ ಹೋದ ಮೇಲೆ, ಕದ್ದು?"

"ಇಲ್ಲ. ಅಲ್ಲಿ ಎದುರಿಗೇ ನೋಡ್ತೀವಿ. ಅವನೂ ನಿಂತಿರ್ತಾನೆ."

"ಅವನಿಗೆ ಅಷ್ಟು ಮರ್ಯಾದೆ ಕೊಡ್ತೀಯ."

ಅಪ್ಪ ಕೈ ಚಾಚಿದರು. ಅವಳು ಬೀಗದ ಕೈ ಕೊಟ್ಟಳು.

ಶೆಡ್ಡಿನೊಳಗೆ ಮಧ್ಯಾಹ್ನದ ಬೆಳಕು ತಗಡಿನ ಸಂದಿಯಿಂದ ಕಾರ್ಟಿನ ಮೇಲೆ ಬಿದ್ದಿತ್ತು. ಅಪ್ಪ ಸ್ಟೂಲು ಎಳೆದುಕೊಂಡು ಕೂತರು, ಅವಳು ನೆಲದ ಮೇಲೆ. ಹಿಂದಿನಿಂದ ಶುರುಮಾಡಿದರು. ಅಪ್ಪ ನಟ್ಟಿನ ಮೇಲೆ ಬೆರಳಿಟ್ಟು ಹೇಳುವುದು, ಅವಳು ಸ್ಪ್ಯಾನರ್ ಹಾಕಿ ನೋಡುವುದು.

"ಇದು ಬಿಗಿ."

"ಬಿಗಿ ಇದೆ."

"ಇದೂ ಬಿಗಿ."

"ಹ್ಞೂಂ, ಇದೆ."

ಸಲಾಕೆಗಳ ಬಳಿ ಬಂದಾಗ ಅಪ್ಪನ ದನಿ ಗಟ್ಟಿಯಾಯಿತು. "ಇವನ್ನ ಬಿಡು. ಪೂರ್ತಿ ಅಲ್ಲ, ಅರ್ಧ ಸುತ್ತು. ಈಗ ಮೇಲಿನದನ್ನ ಕೆಳಗಿನದರ ಮೇಲೆ ಕೂರಿಸು. ಹಾಂ, ಈಗ ಅಲ್ಲಾಡ್ಸು. ಕೇಳಿಸ್ತಾ ಸದ್ದು? ಅದು ಬೇಕು." ಅವಳು ಅಲ್ಲಾಡಿಸಿದಳು. ಬದುಕೆಲ್ಲ ಅಂಥ ಸದ್ದನ್ನು ಹುಡುಕಿ ಹುಡುಕಿ ಕೊಂದವಳಿಗೆ ಅದನ್ನು ಹಾಗೆ ಬಿಟ್ಟು ಮುಂದೆ ಹೋಗಲು ಕೈ ಬರಲಿಲ್ಲ. ಅಪ್ಪ ನಕ್ಕು, "ಬಾ ಬಾ" ಎಂದರು. ಆಕ್ಸಲ್ಲು ಮುಗಿಯಿತು, ಬ್ರೇಕು ಮುಗಿಯಿತು. ಪಿನ್ನನ್ನು ಅಪ್ಪ ತಾವೇ ಮುಟ್ಟಿ ನೋಡಿದರು.

ಸ್ಟೂಲು ಜರುಗಿಸಿಕೊಂಡು ಮುಂದಿನ ಚಕ್ರಗಳ ಕಡೆ ಬಂದರು. ಅಲ್ಲಿ ಚೌಕಟ್ಟಿನ ಎರಡು ಬದಿಯನ್ನು ಕೂಡಿಸುವ ಒಂದು ಅಡ್ಡಪೈಪಿತ್ತು. ಟ್ರ್ಯಾಕಿನಿಂದ ಬಂದ ಸಂಜೆ ಅಪ್ಪ ಬಿಚ್ಚಿ ಕೂಡಿಸಿದ್ದ ಭಾಗ ಅದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಅಪ್ಪ ಅದರ ನಟ್ಟಿನ ಮೇಲೆ ಬೆರಳಿಟ್ಟರು. ಅವಳು ಸ್ಪ್ಯಾನರ್ ಹಾಕಿದಳು. ಸ್ಪ್ಯಾನರ್ ಸುಲಭವಾಗಿ ಅರ್ಧ ಸುತ್ತು ತಿರುಗಿತು. ಮೇಲೆ ಎರಡನೇ ನಟ್ಟಿರಲಿಲ್ಲ. ಬೇಕೆಂದೇ ಬಿಟ್ಟದ್ದಾದರೆ ಎರಡನೇದನ್ನು ಹಾಕಲು ಮರೆತಿರಬೇಕು, ಇಲ್ಲವೇ ಬಿಗಿ ಮಾಡಲಿಕ್ಕೇ ಮರೆತಿರಬೇಕು.

ಅಪ್ಪ ಬೆರಳು ತೆಗೆಯಲಿಲ್ಲ. ಅವಳನ್ನು ನೋಡಿದರು.

"ಇದು ಬಿಡೋದಾ?"

ಕಾರ್ಟನ್ನು ಹೇಗೆ ಕೂಡಿಸಬೇಕೆಂದು ಅಪ್ಪ ಅವಳನ್ನು ಕೇಳಿದ್ದು ಅದೇ ಮೊದಲು. ಅವಳಿಗೆ ಗೊತ್ತಿದ್ದರೆ ಪ್ರಾಣ ಬೇಕಾದರೂ ಕೊಟ್ಟು ಹೇಳುತ್ತಿದ್ದಳು. ಈ ಚೌಕಟ್ಟನ್ನು ಕಟ್ಟಿದವರು ಅಪ್ಪ ಒಬ್ಬರೇ. ಅದು ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂದು ಕೇಳೋಣವೆಂದರೆ ಇನ್ನೊಬ್ಬರಿರಲಿಲ್ಲ.

"ನನಗೆ ಗೊತ್ತಿಲ್ಲಪ್ಪ."

"ನನಗೂ ಗೊತ್ತಿಲ್ಲ ಕಣಮ್ಮ" ಎಂದರು ಅಪ್ಪ.

ಇಬ್ಬರೂ ಆ ನಟ್ಟನ್ನು ನೋಡುತ್ತ ಕೂತರು. ಎರಡು ಥರವೂ ಓಡಿಸಿ ನೋಡೋಣ, ಗೊತ್ತಾಗುತ್ತದೆ ಎಂದು ಅವಳು ಹೇಳಲು ಹೊರಟಿದ್ದಳು. ಅಷ್ಟರಲ್ಲಿ ಅಪ್ಪ ತಲೆಯಾಡಿಸಿದರು.

"ಬಿಗಿ ಮಾಡು. ಗೊತ್ತಿಲ್ಲದ್ದನ್ನ ಸಡಿಲ ಬಿಟ್ಟು ನಿನ್ನನ್ನ ಕೂರ್ಸೋಕಾಗಲ್ಲ."

ಅವಳು ಬಿಗಿ ಮಾಡಿದಳು. ಅಪ್ಪ ಮುಂದಿನ ನಟ್ಟಿನ ಮೇಲೆ ಬೆರಳಿಟ್ಟರು. ಈ ಸಲ ಅವರು ಬಿಗಿಯೋ ಸಡಿಲವೋ ಎಂದು ಹೇಳದೆ, ಅವಳ ಕೈಯಲ್ಲಿದ್ದ ಸ್ಪ್ಯಾನರಿನ ಕಡೆ ನೋಡಿದರು. ಅವಳು ಅದನ್ನೂ ಬಿಗಿ ಮಾಡಿದಳು.